ಬಾಲದ ಕೆಳಗಿನ ಚುಕ್ಕೆ

ಕಳೆದ ತಿಂಗಳು ಭಾರ್ಗವಿ ಎಂಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದ ಸಂಸ್ಥೆಗೆ ಈಗ ಹೊಸದಾಗಿ ಸೇರಿದ್ದಾಳೆ. ನಮ್ಮ ಯಜಮಾನರು ಕೂಡಿಸಿಟ್ಟ ನಾಣ್ಯಗಳ ಹಲಗೆಯನ್ನು ಸಂಸ್ಥೆಗೆ ಕೊಡಬೇಕೆಂದು ನಾನೇ ಕಾಗದ ಬರೆದಿದ್ದೆ. ಅವರು ಹೋಗಿ ಎಂಟು ತಿಂಗಳಾಯಿತು. ಭಾರ್ಗವಿ ಊಟದ ಮೇಜಿನ ಮೇಲೆ ಹಲಗೆಯನ್ನಿಟ್ಟು, ಒಂದೊಂದೇ ನಾಣ್ಯದ ಫೋಟೋ ತೆಗೆದು ಪಟ್ಟಿ ಮಾಡುತ್ತಿದ್ದಳು. ಮೂರನೇ ಸಾಲಿಗೆ ಬಂದಾಗ ಕೈ ನಿಂತಿತು. “ಆಂಟಿ, ಈ ಕುಳಿಯಲ್ಲಿ ರಾಂಗ್ ಕಾಯಿನ್ ಇದೆ. ನಂಬರ್ ನಲವತ್ತೊಂದು-ಬಿ ಅಂತ ಇದೆ, ಇಟ್ಟಿರೋದು ನಲವತ್ತೊಂದು-ಎ. ಡೂಪ್ಲಿಕೇಟ್ ಅಂತ ಎತ್ತಿಡ್ಲಾ?” ಎಂದು ಕೇಳಿದಳು.

ಅದನ್ನು ಮುಟ್ಟಬೇಡ, ಉಳಿದದ್ದನ್ನು ಮುಗಿಸು ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಹೊರಡುವಾಗ ಮಾತ್ರ, ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಅಂತ ಬರೆದುಕೊಡಿ ಆಂಟಿ, ನಮಗೆ ಯಾರೂ ಏನೂ ಹೇಳಿಕೊಡುವುದಿಲ್ಲ ಎಂದಳು. ನಾನು ಓದಿದ್ದು ಎಸ್ಸೆಸ್ಸೆಲ್ಸಿ ಮತ್ತು ಟೈಪಿಂಗ್ ಲೋಯರ್ ಪರೀಕ್ಷೆ. ದೊಡ್ಡ ವಿಷಯ ಬರೆಯಲು ಬರುವುದಿಲ್ಲ. ಆದರೆ ಆ ಕುಳಿಯಲ್ಲಿ ಆ ನಾಣ್ಯ ಯಾಕಿದೆ ಎಂಬುದನ್ನು ನಾನು ಬರೆಯದಿದ್ದರೆ ಇನ್ನು ಹೇಳುವವರು ಯಾರೂ ಇಲ್ಲ. ಅದಕ್ಕೆ ಕಾರಣ ನನ್ನ ಕೈಯಿಂದಾದ ಒಂದು ತಪ್ಪು, ಮತ್ತು ಅದನ್ನು ನಾನು ಐದು ವರ್ಷ ಗಂಡನಿಗೆ ಹೇಳದೆ ಇಟ್ಟುಕೊಂಡದ್ದು.

ಎಪ್ಪತ್ತರ ದಶಕದ ಮೊದಲಲ್ಲಿ ನಾನು ಕೆಲಸಕ್ಕೆ ಸೇರಿದೆ. ನಮ್ಮಪ್ಪ ರೈಲ್ವೆಯಲ್ಲಿದ್ದರು, ಮನೆ ತಮಿಳು ಸೀಮೆಯ ರಾಯಪುರಂನಲ್ಲಿ. ಸಂಸ್ಥೆ ಅದೇ ನಗರದ ಕೀಲ್ಪಾಕ್‌ನ ಒಂದು ಹಳೆಯ ಬಂಗಲೆ. ಮಕ್ಕಳಿಲ್ಲದ ಶ್ರೀಮಂತರೊಬ್ಬರು ಜೀವಮಾನವೆಲ್ಲ ಕೂಡಿಸಿದ ದಕ್ಷಿಣ ದೇಶದ ನಾಣ್ಯಗಳನ್ನೂ ಮನೆಯನ್ನೂ ಒಂದು ಟ್ರಸ್ಟಿಗೆ ಬಿಟ್ಟುಹೋಗಿದ್ದರು. ಅಲ್ಲಿ ಇದ್ದವರು ಮೂವರೇ. ಮುಖ್ಯಸ್ಥರಾದ ವೈದ್ಯನಾಥನ್ ಸಾರ್, ಬೀರುಗಳ ಬೀಗದ ಕೈ ಇಟ್ಟುಕೊಂಡಿದ್ದ ಕೋದಂಡಂ, ಮತ್ತು ಟೈಪಿಸ್ಟ್ ಎಂದು ಸೇರಿದ ನಾನು. ಟೈಪ್ ಮಾಡುವ ಕೆಲಸ ವಾರಕ್ಕೆ ಎರಡು ಕಾಗದಕ್ಕಿಂತ ಹೆಚ್ಚಿರಲಿಲ್ಲ.

ಮೊದಲ ದಿನ ಸಾರ್ ನನ್ನ ಮುಂದೆ ಎರಡು ತಾಮ್ರದ ನಾಣ್ಯ ಇಟ್ಟು, ಒಂದು ಭೂತಗನ್ನಡಿ ಕೊಟ್ಟು, ಇವು ಒಂದೇನಾ ಬೇರೆಯಾ ಹೇಳು ಎಂದು ಹೋದರು. ಎರಡರಲ್ಲೂ ಆನೆ, ಮೇಲೆ ಸೂರ್ಯ ಚಂದ್ರ. ಮೈಸೂರಿನ ಕಾಸು. ಸಂಜೆ ನಾಲ್ಕರವರೆಗೆ ನೋಡಿದೆ. ಬೇರೆ ಸಾರ್, ಇದರಲ್ಲಿ ಆನೆಗೆ ಕಣ್ಣಿಲ್ಲ ಎಂದೆ. ಅವರು ಒಂದು ಮುಳ್ಳಿನ ತುದಿಯಿಂದ ಮೆಲ್ಲಗೆ ಕೆದಕಿದರು. ಮಣ್ಣು ಉದುರಿತು, ಕಣ್ಣು ಕಂಡಿತು. ಒಂದೇ ಅಚ್ಚು ಎಂದರು. ಬೈಯಲಿಲ್ಲ. “ಕಾಸೈ ಪಾರಮ್ಮಾ” ಎಂದು ತಮಿಳಿನಲ್ಲಿ ಹೇಳಿದರು. ಕಾಸನ್ನು ನೋಡಮ್ಮಾ ಎಂದು. ಮುಂದೆ ಈ ಮಾತನ್ನು ನಾನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ.

ಅಚ್ಚು ಎಂದರೆ ನಾಣ್ಯದ ಮೇಲೆ ಚಿತ್ರ ಒತ್ತುವ ಕಬ್ಬಿಣದ ಮುದ್ರೆ. ಆ ಕಾಲದಲ್ಲಿ ಅದನ್ನು ಅಕ್ಕಸಾಲಿಗ ಕೈಯಲ್ಲೇ ಕೊರೆಯಬೇಕಿತ್ತು. ಒಂದು ಸವೆದರೆ ಇನ್ನೊಂದು. ಒಬ್ಬನೇ ಕೊರೆದರೂ ಎರಡು ಅಚ್ಚು ಒಂದೇ ತರಹ ಬರುವುದಿಲ್ಲ. ಒಂದರಲ್ಲಿ ಸೊಂಡಿಲಿನ ತುದಿ ಮುಂಗಾಲಿಗೆ ತಗಲುತ್ತದೆ, ಇನ್ನೊಂದರಲ್ಲಿ ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಹೀಗೆ ಯಾವ ನಾಣ್ಯ ಯಾವ ಅಚ್ಚಿನದು ಎಂದು ಗುರುತಿಸಿ, ನಂಬರ್ ಕೊಟ್ಟು, ಪಟ್ಟಿ ಮಾಡುವುದೇ ನಮ್ಮ ಕೆಲಸ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ಅದು ಎದ್ದ ಗೆರೆಯಾಗಿ ಬೀಳುತ್ತದೆ. ಕಬ್ಬಿಣದ ಬಿರುಕು ಬೆಳೆಯುತ್ತದೆ, ತಾನಾಗಿ ಕೂಡಿಕೊಳ್ಳುವುದಿಲ್ಲ. ಆದ್ದರಿಂದ ಗೆರೆ ಚಿಕ್ಕದಿದ್ದದ್ದು ಮೊದಲು ಒತ್ತಿದ್ದು, ಉದ್ದವಿದ್ದದ್ದು ಆಮೇಲೆ ಒತ್ತಿದ್ದು. ಇದನ್ನು ಕಲಿತ ದಿನ ನನಗೆ ಬಹಳ ಸಂತೋಷವಾಗಿತ್ತು.

ಇನ್ನೊಂದು ಪಾಠವನ್ನು ಹೊಸಬರು ಮರೆಯಬಾರದು. ಅಚ್ಚಿನ ಗುರುತು ಬೇರೆ, ನಾಣ್ಯದ ಗಾಯ ಬೇರೆ. ಅಚ್ಚಿನ ಗುರುತು ಅದರಲ್ಲಿ ಒತ್ತಿದ ಎಲ್ಲ ನಾಣ್ಯದಲ್ಲೂ ಇರುತ್ತದೆ. ಕೆಳಗೆ ಬಿದ್ದದ್ದು, ಯಾರೋ ಉಳಿಯಿಂದ ಕಡಿದು ನೋಡಿದ್ದು, ನೇಗಿಲು ತಾಗಿದ್ದು, ಇವೆಲ್ಲ ಆ ಒಂದು ನಾಣ್ಯದ ಗಾಯ. ಅಂಥ ಗಾಯ ಇನ್ನೊಂದಕ್ಕೆ ಇರುವುದಿಲ್ಲ.

ಎರಡನೇ ವಾರ ನಾನು ಮಾಡಿದ ಕೆಲಸವನ್ನೂ ಹೇಳಿಬಿಡುತ್ತೇನೆ. ಸಾರ್ ಒಂದು ದಿನ ರಜೆ ಇದ್ದರು. ಹನ್ನೆರಡು ತಾಮ್ರದ ನಾಣ್ಯ ಕಪ್ಪಾಗಿ ಕೂತಿದ್ದವು. ಮನೆಯಲ್ಲಿ ದೇವರ ಸಾಮಾನು ತೊಳೆಯುವ ಹಾಗೆ ಹುಣಸೆಹಣ್ಣು ಹಚ್ಚಿ ಉಜ್ಜಿ, ಫಳಫಳ ಅನ್ನಿಸಿ, ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ಮರುದಿನ ಸಾರ್ ಅವುಗಳನ್ನು ನೋಡಿದರು. ವರಾಂಡಕ್ಕೆ ಹೋಗಿ ಬೇವಿನ ಮರದ ಕಡೆ ಮುಖ ಮಾಡಿ ನಿಂತರು. ಸುಮಾರು ಹೊತ್ತು ಒಳಗೆ ಬರಲಿಲ್ಲ. ಕೋದಂಡಂ ಬಾಗಿಲಲ್ಲಿ ಇಣುಕಿ, “ಆಯುಧಪೂಜೆಕ್ಕು ಇನ್ನೂಂ ನಾಳ್ ಇರುಕ್ಕೇಮ್ಮಾ” ಎಂದ. ಹಬ್ಬಕ್ಕೆ ಇನ್ನೂ ದಿನ ಇದೆಯಲ್ಲಮ್ಮ ಎಂದು. ನೂರೈವತ್ತು ವರ್ಷದ ಮೈಬಣ್ಣವನ್ನು ನಾನು ಅರ್ಧ ಗಂಟೆಯಲ್ಲಿ ತೊಳೆದುಹಾಕಿದ್ದೆ ಎಂದು ಆಮೇಲೆ ತಿಳಿಯಿತು. ಆ ಹನ್ನೆರಡು ಈಗಲೂ ಅಲ್ಲಿಯೇ ಇವೆ, ಉಳಿದವುಗಳ ನಡುವೆ ಬೇರೆಯಾಗಿ ಕಾಣುತ್ತವೆ. ಭಾರ್ಗವಿ ನೋಡಿರಬಹುದು.

ಚೀಟಿಯ ವಿಷಯದಲ್ಲಿ ಸಾರ್ ಬಹಳ ಕಟ್ಟುನಿಟ್ಟು. ಪ್ರತಿ ನಾಣ್ಯದ ಕೆಳಗೆ ದುಂಡಗೆ ಕತ್ತರಿಸಿದ ಒಂದು ಚೀಟಿ ಇರಬೇಕು. ಅದರಲ್ಲಿ ಮೂರೇ ಸಾಲು: ನಂಬರ್, ದೊರೆತ ಸ್ಥಳ, ಕೊಟ್ಟವರು. ಗೊತ್ತಿಲ್ಲದಿದ್ದರೆ ಖಾಲಿ ಬಿಡಬೇಕು. ನಾನೊಮ್ಮೆ ಅಂದಾಜಿನ ಮೇಲೆ ‘ಮಧುರೆ’ ಎಂದು ಬರೆದಿದ್ದೆ. ಸಾರ್ ಚೀಟಿ ಹರಿದು ಹೊಸ ಕಾಗದ ಕೊಟ್ಟರು. ಸುಳ್ಳು ಚೀಟಿ ಇರುವ ನಾಣ್ಯಕ್ಕಿಂತ ಚೀಟಿ ಇಲ್ಲದ ನಾಣ್ಯ ಎಷ್ಟೋ ಮೇಲು, ಚೀಟಿ ನಮಗಿಂತ ಹೆಚ್ಚು ಕಾಲ ಬದುಕುತ್ತದೆ ಎಂದರು.

ಆಗ ನಮ್ಮಲ್ಲಿ ಕ್ಯಾಮೆರಾ ಇರಲಿಲ್ಲ. ಮೊದಮೊದಲು ನಾಣ್ಯದ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ನಕಲು ತೆಗೆಯುತ್ತಿದ್ದೆವು. ಆಮೇಲೆ ಕಾಸ್ಟ್ ಮಾಡುವುದನ್ನು ಸಾರ್ ಕಲಿಸಿದರು. ನಾಣ್ಯಕ್ಕೆ ಪೌಡರ್ ಸವರಿ, ಮಕ್ಕಳು ಆಟಕ್ಕೆ ಬಳಸುವಂಥ ಮೆತ್ತನೆಯ ಜೇಡಿಯಲ್ಲಿ ಒತ್ತಿ ಎತ್ತಬೇಕು. ಜೇಡಿಯಲ್ಲಿ ಮೂಡಿದ ಗುಳಿಗೆ ಪ್ಲಾಸ್ಟರ್ ಕಲಸಿ ಹೊಯ್ಯಬೇಕು. ಒಣಗಿದ ಮೇಲೆ ಬಿಡಿಸಿದರೆ ನಾಣ್ಯದ ಬಿಳಿಯ ಪಡಿಯಚ್ಚು. ಬೇರೆಯವರ ಹತ್ತಿರ ಇರುವ ನಾಣ್ಯ ನಮ್ಮ ಬಳಿ ಉಳಿಯುವುದು ಈ ಕಾಸ್ಟಿನ ರೂಪದಲ್ಲಿ ಮಾತ್ರ. ಅಂಚನ್ನು ಅರದಲ್ಲಿ ಉಜ್ಜಬಹುದು, ಮುಖಕ್ಕೆ ಮಾತ್ರ ಸೂಜಿ ತಾಗಿಸಬಾರದು ಎಂದು ಸಾರ್ ಕಟ್ಟಪ್ಪಣೆ ಮಾಡಿದ್ದರು. ಗುಳ್ಳೆ ಬಂದರೆ ಎಸೆದು ಇನ್ನೊಂದು ಮಾಡು, ತಿದ್ದಬೇಡ ಎನ್ನುತ್ತಿದ್ದರು. ನಾನು ಮೂರು ಸಾವಿರಕ್ಕೂ ಹೆಚ್ಚು ಕಾಸ್ಟ್ ಮಾಡಿರಬೇಕು. ನನ್ನ ಉಗುರುಗಳಲ್ಲಿ ಯಾವಾಗಲೂ ಬಿಳಿ ಇರುತ್ತಿತ್ತು. ಹಿಟ್ಟು ಕಲಸಿ ಬಂದೆಯಾ ಎಂದು ಅಮ್ಮ ಕೇಳುತ್ತಿದ್ದಳು.

ಮೈಸೂರಿನ ಆನೆಯ ನಾಣ್ಯಗಳ ಪಟ್ಟಿ ಸಾರ್ ಅವರ ದೊಡ್ಡ ಕೆಲಸ. ಅದು ಮುಗಿಯುತ್ತಾ ಬಂದಾಗ ಕೊಯಮತ್ತೂರಿನಿಂದ ಒಬ್ಬರು ಒಂದು ಚೀಲ ತಂದರು. ಅರವತ್ತು ನಾಣ್ಯ. ಸಂಜೆಯ ರೈಲಿಗೆ ಹಿಂತಿರುಗಬೇಕು, ಅಷ್ಟರೊಳಗೆ ಕಾಸ್ಟ್ ತೆಗೆದುಕೊಳ್ಳಿ ಎಂದರು. ಸಾರ್ ಅವರ ಜೊತೆ ಮಾತಿಗೆ ಕೂತರು. ಕೋದಂಡಂ ಪ್ಲಾಸ್ಟರ್ ಕಲಸಿದ, ನಾನು ಒತ್ತಿದೆ. ಅವುಗಳಲ್ಲಿ ಒಂದು ನಾಣ್ಯದ ಅಂಚಿನಲ್ಲಿ, ಆನೆಯ ತಲೆಯ ಮೇಲೆ, ಅಕ್ಕಿಕಾಳಿನ ಆಕಾರದ ಕಡಿತ ಇತ್ತು. ಅದರಲ್ಲಿ ಜೇಡಿ ಸಿಕ್ಕಿಕೊಂಡು ಬಿಡಿಸಲು ಕಷ್ಟವಾಯಿತು. ಅದಕ್ಕೇ ಅದು ನೆನಪಿನಲ್ಲಿ ಉಳಿಯಿತು. ಐದು ಗಂಟೆಗೆ ಅವರು ಚೀಲ ಎತ್ತಿಕೊಂಡು ಹೊರಟರು.

ಮರುವಾರ ಸಾರ್ ಕಾಸ್ಟುಗಳನ್ನು ನೋಡುತ್ತಾ ಇದ್ದವರು ಅಮ್ಮಾ ಎಂದು ಜೋರಾಗಿ ಕರೆದರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನಲವತ್ತೊಂದನೇ ಅಚ್ಚಿನ ಆನೆ, ಕಾಲ ಕೆಳಗೆ ಅದೇ ಬಿರುಕು, ಆದರೆ ಬಾಲದ ಕೆಳಗೆ ಸಾಸಿವೆಯಷ್ಟು ಚಿಕ್ಕ ದುಂಡು ಚುಕ್ಕೆ. ಟಂಕಸಾಲೆಯವರು ಏನೋ ಗುರುತಿಗೆಂದು ಅಚ್ಚಿನಲ್ಲಿ ಆಮೇಲೆ ಚುಕ್ಕೆ ಕೊರೆದಿದ್ದಾರೆ, ಇದನ್ನು ಯಾರೂ ನೋಡಿಲ್ಲ ಎಂದರು. ನಾಣ್ಯವನ್ನೇ ನೋಡೋಣವೆಂದು ಕೊಯಮತ್ತೂರಿಗೆ ಕಾಗದ ಬರೆದರು. ಆ ಚೀಲ ಆಗಲೇ ಯಾರದೋ ಕೈ ಸೇರಿದೆ ಎಂದು ಉತ್ತರ ಬಂತು. ಸಾರ್ ಹದಿನೈದು ದಿನ ಯೋಚಿಸಿದರು. ಕೊನೆಗೆ ಕಾಸ್ಟಿನ ಮೇಲೆಯೇ ಬರೆದರು: ನಲವತ್ತೊಂದು-ಬಿ, ಬಾಲದ ಕೆಳಗೆ ಚುಕ್ಕೆ, ಅತಿ ವಿರಳ. ಟೈಪ್ ಮಾಡಿದವಳು ನಾನೇ.

ಆ ಪಟ್ಟಿ ಪುಸ್ತಕವಾಗಿ ಬಂದ ಮೂರು ತಿಂಗಳಿಗೆ, ಒಂದು ಶನಿವಾರ ಮಧ್ಯಾಹ್ನ, ಉದ್ದ ತೋಳಿನ ಬಿಳಿ ಅಂಗಿ ಹಾಕಿದ ಒಬ್ಬರು ಚಪ್ಪಲಿಯನ್ನು ಮೆಟ್ಟಿಲ ಕೆಳಗೇ ಬಿಟ್ಟು ಒಳಗೆ ಬಂದರು. ಹಣೆಯಲ್ಲಿ ವಿಭೂತಿ. ಇನ್ಶೂರೆನ್ಸ್ ಆಫೀಸಿನಲ್ಲಿ ಗುಮಾಸ್ತ, ಹೆಸರು ರುದ್ರಪ್ಪ, ರಾಣೆಬೆನ್ನೂರಿನ ಕಡೆಯವರು. ಸಾರ್ ಅವರ ಪುಸ್ತಕದ ಪುಟಗಳನ್ನೆಲ್ಲ ಬಾಯಿಪಾಠ ಮಾಡಿದಂತಿದ್ದರು. ಆನೆಯ ನಾಣ್ಯಗಳಲ್ಲಿ ತಮ್ಮ ಹತ್ತಿರ ಇಲ್ಲದ್ದು ಕೆಲವೇ, ಅದರಲ್ಲಿ ನಲವತ್ತೊಂದು-ಬಿ ಒಂದು, ಅದರ ಕಾಸ್ಟನ್ನಾದರೂ ನೋಡಬೇಕು ಎಂದರು. ನಾನು ತಂದು ತೋರಿಸಿದೆ. ಕನ್ನಡದಲ್ಲಿ ಮಾತಾಡಿದೆನೆಂದು ಅವರಿಗೆ ಆಶ್ಚರ್ಯ. “ಈ ಚುಕ್ಕಿ ಮಾಡಿದ ಕೈ ಯಾವುದಿರಬೇಕ್ರೀ!” ಎಂದರು. ನಾನು ಉಗುರಿನ ಬಿಳಿ ಕೆರೆದುಕೊಳ್ಳುತ್ತಿದ್ದೆ. ಆಗ ನನಗೂ ಗೊತ್ತಿರಲಿಲ್ಲ.

ಆಮೇಲೆ ಅವರು ಪ್ರತಿ ಶನಿವಾರ ಬರತೊಡಗಿದರು. ಚುಕ್ಕೆಯನ್ನು ಮತ್ತೊಮ್ಮೆ ಅಳೆಯಬೇಕು ಎನ್ನುತ್ತಿದ್ದರು. ಒಂದು ವರ್ಷ ಆದ ಮೇಲೆ ಕೋದಂಡಂ, ಆ ಚುಕ್ಕೆ ಅಷ್ಟು ಬೇಗ ಬೆಳೆಯುವುದಿಲ್ಲ ಸಾಮೀ ಎಂದು ಅವರಿಗೆ ಕೇಳುವ ಹಾಗೆಯೇ ಹೇಳಿದ. ಮುಂದೆ ಹಿರಿಯರು ಮಾತಾಡಿದರು, ಮದುವೆಯಾಯಿತು. ಸಂಸ್ಥೆಯ ಹತ್ತಿರವೇ ಕೀಲ್ಪಾಕ್‌ನಲ್ಲಿ ಎರಡು ಕೋಣೆಯ ಮನೆ ಮಾಡಿದೆವು.

ಅವರು ತಮ್ಮ ಕೈಯಾರೆ ತೇಗದ ಹಲಗೆಯಲ್ಲಿ ಕುಳಿ ತೆಗೆದು, ಹಸಿರು ಬಟ್ಟೆ ಅಂಟಿಸಿದರು. ಒಂದೊಂದು ಅಚ್ಚಿಗೂ ಒಂದು ಕುಳಿ, ಕುಳಿಯ ಪಕ್ಕದಲ್ಲಿ ನಂಬರ್. ಒಳಗೆ ಸಾರ್ ಪದ್ಧತಿಯಂತೆ ದುಂಡು ಚೀಟಿ. ನಲವತ್ತೊಂದು-ಬಿಯ ಕುಳಿಯಲ್ಲಿ ಚೀಟಿ ಮಾತ್ರ ಇತ್ತು. ನಂಬರ್ ಬರೆದು, ಕೆಳಗಿನ ಎರಡು ಸಾಲು ಖಾಲಿ ಬಿಟ್ಟಿದ್ದರು. ಬಳ್ಳಾರಿ, ಮೈಸೂರು, ಸೇಲಂ ಎಂದು ಎಲ್ಲೆಲ್ಲಿಗೋ ಕಾರ್ಡು ಬರೆಯುತ್ತಿದ್ದರು. ರಜೆಯ ದಿನ ಪೇಟೆಯ ಪ್ಯಾರೀಸ್ ಕಾರ್ನರ್‌ಗೆ ಹೋಗಿ, ಹಳೆ ತಾಮ್ರ ತೂಕಕ್ಕೆ ಕೊಳ್ಳುವ ಅಂಗಡಿಗಳಲ್ಲಿ ಕೂತು ಚೂರುಗಳ ನಡುವೆ ನಾಣ್ಯ ಆರಿಸುತ್ತಿದ್ದರು. ಬಂದಾಗ ಅಂಗಿಯ ತೋಳು ತಾಮ್ರದ ಕಿಲುಬಿನಿಂದ ಹಸಿರಾಗಿರುತ್ತಿತ್ತು.

ಮದುವೆಯಾದ ಎರಡನೇ ವರ್ಷ, ಅಂಥ ಒಂದು ದಿನ ಅವರು ಒಂದು ನಾಣ್ಯ ತಂದು ನನ್ನ ಅಂಗೈಯಲ್ಲಿಟ್ಟರು. ಬರೀ ನಲವತ್ತೊಂದು-ಎ, ಚುಕ್ಕೆ ಇಲ್ಲದ್ದು, ನಮ್ಮ ಹತ್ತಿರ ಇರುವುದೇ, ಆದರೆ ಬಿರುಕು ಚೆನ್ನಾಗಿ ಕಾಣುತ್ತದೆ ಎಂದರು. ನಾನು ಕಿಟಕಿಯ ಬೆಳಕಿಗೆ ಹಿಡಿದೆ. ಆನೆಯ ತಲೆಯ ಮೇಲೆ, ಅಂಚಿನಲ್ಲಿ, ಅಕ್ಕಿಕಾಳಿನ ಆಕಾರದ ಕಡಿತ. ಬಾಲದ ಕೆಳಗೆ ಏನೂ ಇಲ್ಲ.

ಚೆನ್ನಾಗಿದೆ ಎಂದೆ. ನಾಣ್ಯ ವಾಪಸು ಕೊಟ್ಟು ಒಲೆಯ ಕಡೆ ಹೋದೆ.

ಮರುದಿನ ಸಂಸ್ಥೆಯಲ್ಲಿ ಕಾಸ್ಟ್ ತೆಗೆದು ನೋಡಿದೆ. ಅದೇ ಕಡಿತ, ಅದೇ ಜಾಗ. ಚುಕ್ಕೆಯನ್ನೇ ಅಳೆಯುತ್ತಿದ್ದ ನಮ್ಮವರು ಅಂಚನ್ನು ಗಮನಿಸಿರಲಿಲ್ಲ. ಆನೆಯ ಹೊಟ್ಟೆಯ ಮೇಲೆ ಎರಡು ಸಣ್ಣ ಗೀರು ಕಾಸ್ಟಿನಲ್ಲೂ ಇದ್ದವು, ಹಿಂದಿನ ದಿನ ನೋಡಿದ ನಾಣ್ಯದಲ್ಲೂ ಇದ್ದವು. ಆ ಕಾಸ್ಟಿಗೆ ಮೂಲ ಆ ನಾಣ್ಯವೇ. ಏನಾಗಿತ್ತೆಂದು ಆಗ ಹೊಳೆಯಿತು. ನಾಣ್ಯವನ್ನು ಎತ್ತುವಾಗ ಜೇಡಿಯ ಒಂದು ಕಣ ಅದಕ್ಕೆ ಅಂಟಿಕೊಂಡು ಬಂದಿದೆ. ಜೇಡಿಯಲ್ಲಿ ಅಲ್ಲೊಂದು ಗುಳಿ ಉಳಿದಿದೆ. ಪ್ಲಾಸ್ಟರ್ ಆ ಗುಳಿಯನ್ನು ತುಂಬಿ ಚುಕ್ಕೆಯಾಗಿ ಎದ್ದಿದೆ. ನಲವತ್ತೊಂದು-ಬಿ ಎಂಬ ಅಚ್ಚು ಮೈಸೂರಿನಲ್ಲಿ ಯಾವತ್ತೂ ಇರಲಿಲ್ಲ. ಇದ್ದದ್ದು ನನ್ನ ಮೇಜಿನ ಮೇಲೆ, ಒಂದು ಮಧ್ಯಾಹ್ನ.

ಡ್ರಾಯರಿನಲ್ಲಿ ಸೂಜಿ ಇತ್ತು. ಕೆರೆದುಬಿಟ್ಟರೆ ಅರ್ಧ ನಿಮಿಷದ ಕೆಲಸ. ಕೈಗೆ ತೆಗೆದುಕೊಂಡೆ ಕೂಡ. ಮುಖಕ್ಕೆ ಸೂಜಿ ತಾಗಿಸಬಾರದೆಂಬ ಮಾತು ನೆನಪಾಗಿ ಇಟ್ಟುಬಿಟ್ಟೆ. ಅದನ್ನು ಒಳ್ಳೆಯತನ ಎಂದು ಹೇಳಲಾರೆ, ಅಭ್ಯಾಸ ಅಷ್ಟೆ.

ಸಾರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಇದು ಯಾರಿಗೆ ಗೊತ್ತು ಎಂದು ಕೇಳಿದರು. ನನಗೆ ಮಾತ್ರ ಎಂದೆ. ಎರಡನೇ ಮುದ್ರಣ ಬರುತ್ತದೆ, ಅದರಲ್ಲಿ ಸದ್ದಿಲ್ಲದೆ ತೆಗೆದುಬಿಡೋಣ, ಅಲ್ಲಿಯವರೆಗೆ ಯಾರಿಗೂ ಬೇಡ ಎಂದರು. ರುದ್ರಪ್ಪನವರಿಗೂ ಬೇಡವೇ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಸಾರ್ ಅಪ್ಪಣೆ ಒಂದು ನೆಪ. ನನಗೆ ನಮ್ಮವರ ಮುಖ ನೋಡಿ ಹೇಳುವ ಧೈರ್ಯ ಇರಲಿಲ್ಲ.

ಎರಡನೇ ಮುದ್ರಣ ಬರಲೇ ಇಲ್ಲ. ಸಾರ್ ನಿವೃತ್ತರಾದರು. ಬಂಗಲೆಗೆ ಕ್ಯಾಮೆರಾ ಬಂತು, ಅದನ್ನು ನಿಲ್ಲಿಸುವ ಕಬ್ಬಿಣದ ಕಂಬ ಬಂತು, ಜೇಡಿ ಪ್ಲಾಸ್ಟರುಗಳು ಮೂಲೆಗೆ ಹೋದವು. ಇನ್ನು ತಪ್ಪೇ ಆಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡರು. ಆದರೆ ಫೋಟೋ ಕೂಡ ಹಾದಿ ತಪ್ಪಿಸುತ್ತದೆ. ಒಂದೇ ನಾಣ್ಯಕ್ಕೆ ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬೆಳಕು ಬಿಟ್ಟು ತೆಗೆದ ಎರಡು ಫೋಟೋಗಳಿಗೆ ಹೊಸ ಮುಖ್ಯಸ್ಥರು ಎರಡು ನಂಬರ್ ಕೊಟ್ಟಿದ್ದರು. ಬೆಳಕು ಯಾವಾಗಲೂ ಎಡಗಡೆ ಮೇಲಿನಿಂದಲೇ ಬೀಳಬೇಕು ಎಂದು ಗೋಡೆಯ ಮೇಲೆ ಬರೆದು ಅಂಟಿಸಿದವಳು ನಾನು.

ಮನೆಯಲ್ಲಿ ನಮ್ಮವರು ಕಾರ್ಡು ಬರೆಯುತ್ತಲೇ ಇದ್ದರು. ನಲವತ್ತೊಂದು-ಬಿಯನ್ನು ಕಣ್ಣಾರೆ ನೋಡಿದ್ದೇನೆ ಎಂದು ಯಾರೋ ಬರೆದರೆ ಅಷ್ಟು ದೂರ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಮಗಳು ಆ ಖಾಲಿ ಕುಳಿಯಲ್ಲಿ ಹುಣಸೆಬೀಜ ಇಟ್ಟು, “ಅಪ್ಪಾ, ಕಿಡೈಚ್ಚಾಚ್ಚು” ಎಂದು ತಮಿಳಿನಲ್ಲಿ ಕೂಗುವಳು, ಸಿಕ್ಕಿತು ಎಂದು. ಅವರು ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಪ್ರತಿ ಭಾನುವಾರ ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಸಂಜೆ ಹಸಿರು ತೋಳು ಒಗೆಯುವಾಗ ಮುಂದಿನ ವಾರ ಎಂದುಕೊಳ್ಳುತ್ತಿದ್ದೆ.

ಹೀಗೆ ಐದು ವರ್ಷ. ಒಂದು ಭಾನುವಾರ ಬೆಳಿಗ್ಗೆ ಒಬ್ಬ ಮನುಷ್ಯ ಮನೆಗೆ ಬಂದ. ಊರೂರು ಸುತ್ತಿ ನಾಣ್ಯ ಮಾರುವವನು, ತಮಿಳು ಮಾತಾಡುವವನು. ನಾನು ಕೊಟ್ಟ ಕಾಫಿಯ ಲೋಟ ಬದಿಗಿಟ್ಟು, ಕರವಸ್ತ್ರ ಬಿಚ್ಚಿ ಒಂದು ನಾಣ್ಯ ಇಟ್ಟ. ನಲವತ್ತೊಂದರ ಆನೆ, ಬಾಲದ ಕೆಳಗೆ ಚುಕ್ಕೆ. ಹಣ ಬೇಡ, ಬದಲಿಗೆ ಎಂಟು ನಾಣ್ಯ ಕೊಡಿ ಎಂದು ಹಲಗೆಯಲ್ಲಿ ಬೆರಳಿಟ್ಟು ತೋರಿಸಿದ. ಅದರಲ್ಲಿ ಒಂದು ನಮ್ಮ ಮಾವನವರು ಮಗನಿಗೆ ಮೊದಲು ಕೊಟ್ಟ ಬೆಳ್ಳಿಯ ಹಣ. ನಮ್ಮವರು ಆಗಲೇ ಐದನ್ನು ಎತ್ತಿ ಬದಿಗಿಟ್ಟಿದ್ದರು. ನನ್ನನ್ನು ಅಡುಗೆಮನೆಯಿಂದ ಕರೆದು, ಬಾ, ನೋಡು ಬಾ ಎಂದು ಭೂತಗನ್ನಡಿ ಕೊಟ್ಟರು. 

ಚುಕ್ಕೆಯ ಸುತ್ತಲಿನ ತಾಮ್ರ ಕೆಳಗೆ ಇಳಿದಿತ್ತು. ಸುತ್ತ ಕೆರೆದು ನಡುವೆ ಚುಕ್ಕೆ ಉಳಿಸಿ, ಮೇಲೆ ಹೊಗೆ ಹಿಡಿಸಿದ್ದರು. ಪುಸ್ತಕದಲ್ಲಿ ಅತಿ ವಿರಳ ಎಂದು ನಾವು ಬರೆದದ್ದನ್ನು ಯಾರೋ ಓದಿ, ಬೇಕಾದವರಿಗೆ ಮಾಡಿಯೇ ಕೊಟ್ಟಿದ್ದರು.

ಆ ಮನುಷ್ಯನಿಗೆ ಕನ್ನಡ ಬರುತ್ತಿರಲಿಲ್ಲ. ನಾನು ದನಿ ಏರಿಸದೆ ಹೇಳಿದೆ. “ಇದು ಕೆರೆದು ಮಾಡಿದ್ದು ಕಣ್ರೀ. ಕೊಡಬೇಡಿ.”

“ಒಮ್ಮೆ ನೋಡಿ ಹ್ಯಾಂಗ ಹೇಳತಿ? ನಾಳೆ ಕಾಸ್ಟಿನ ಜೋಡಿ ಇಟ್ಟು ನೋಡೂಣು.”

“ಕಾಸ್ಟಿನ ಜೊತೆ ಇಟ್ಟರೂ ಅಷ್ಟೆ. ಅಸಲಿ ಅನ್ನೋದೇ ಇಲ್ಲ. ಆ ಚುಕ್ಕೆ ನಾನು ಕಾಸ್ಟ್ ಮಾಡುವಾಗ ಆದದ್ದು. ಆ ನಾಣ್ಯ ನಮ್ಮ ಮನೆಯಲ್ಲೇ ಇದೆ. ನೀವೇ ತಂದದ್ದು, ತಾಮ್ರದ ಅಂಗಡಿಯಿಂದ, ಅಂಚಲ್ಲಿ ಕಡಿತ ಇರೋದು.”

ಅವರು ನನ್ನನ್ನೇ ನೋಡಿದರು. ಆ ಮನುಷ್ಯ ನಮ್ಮಿಬ್ಬರ ಮುಖ ನೋಡಿ, “ಎನ್ನ ಸೊಲ್ರಾಂಗ?” ಎಂದು ಕೇಳಿದ, ಏನು ಹೇಳುತ್ತಿದ್ದಾರೆ ಎಂದು. ನಮ್ಮವರು ಅವನ ಕಡೆ ತಿರುಗಿ ಸಮಾಧಾನವಾಗಿ, “ಕಾಪಿಲೆ ಸಕ್ಕರೆ ಕಮ್ಮಿಯಾಂ” ಎಂದರು. ಕಾಫಿಗೆ ಸಕ್ಕರೆ ಸಾಲದಂತೆ. ಅವನು ಇಲ್ಲ ಇಲ್ಲ, ಸರಿಯಾಗಿದೆ ಎಂದ. ಐದೂ ನಾಣ್ಯಗಳನ್ನು ಒಂದೊಂದಾಗಿ ಅವುಗಳ ಕುಳಿಗೆ ಹಾಕಿ, ಅವನ ನಾಣ್ಯವನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಕೈಗೆ ಕೊಟ್ಟು, ಬಾಗಿಲವರೆಗೆ ಹೋಗಿ ಕಳಿಸಿ ಬಂದರು.

ಬಂದು ನಿಂತೇ ಕೇಳಿದರು. “ಯಾವಾಗ ಗೊತ್ತಾತು?”

“ನೀವು ತಂದ ದಿನವೇ.”

“ಐದು ವರ್ಷ ಇದನ್ನ ಬಾಯಾಗ ಇಟಗೊಂಡು ಹ್ಯಾಂಗ ಉಂಡಿ ಗಿರಿಜಾ?”

  ಅವರು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲೆ ಇಟ್ಟರು. ಮೂರು ವಾರ ಕೆಳಗಿಳಿಸಲಿಲ್ಲ. ಆಫೀಸಿಗೆ ಹೋಗುತ್ತಿದ್ದರು, ಬರುತ್ತಿದ್ದರು, ತರಕಾರಿ ತರುತ್ತಿದ್ದರು, ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಭಾನುವಾರ ಚೀಲ ಗೂಟದಲ್ಲೇ ಇರುತ್ತಿತ್ತು. ನನ್ನ ಕೆಲಸದ ವರ್ಷಗಳಲ್ಲಿ ಕಷ್ಟದ್ದು ಯಾವುದು ಎಂದು ಭಾರ್ಗವಿ ಕೇಳಿದರೆ ಆ ಮೂರು ವಾರ ಎನ್ನುತ್ತೇನೆ, ಅದು ಸಂಸ್ಥೆಯಲ್ಲಿ ಕಳೆದದ್ದಲ್ಲದಿದ್ದರೂ.

ನಾಲ್ಕನೇ ಶನಿವಾರ ಅವರೇ, ಸಾರ್ ಮನೆಗೆ ಹೋಗಿ ಬರೋಣ ನಡೆ ಎಂದರು. ಸಾರ್‌ಗೆ ಒಂದು ಕಣ್ಣಿನ ಆಪರೇಷನ್ ಆಗಿತ್ತು, ಹಸಿರು ಬಟ್ಟೆ ಕಟ್ಟಿಕೊಂಡು ಈಜಿಚೇರಿನಲ್ಲಿದ್ದರು. ನಮ್ಮವರು ನಡೆದದ್ದನ್ನು ಹೇಳಿದರು. ಸಾರ್ ಕೇಳಿ, ಗಿರಿಜಾಳದ್ದು ಕೈತಪ್ಪು, ಅದು ಯಾರಿಂದಲೂ ಆಗುತ್ತದೆ, ನೋಡದೆ ಬರೆದದ್ದು ನಾನು, ಬಾಯಿ ಮುಚ್ಚಿಸಿದವನೂ ನಾನು ಎಂದರು. ಆಮೇಲೆ ನನಗೆ ಕಾಗದ ತೆಗೆದುಕೊಳ್ಳಲು ಹೇಳಿದರು. ನಾಲ್ಕು ಸಾಲು. ನಲವತ್ತೊಂದು-ಬಿ ಎಂಬುದು ಇಲ್ಲ, ಪಡಿಯಚ್ಚಿನ ದೋಷವನ್ನು ಗಮನಿಸದೆ ಬರೆಯಲಾಗಿದೆ, ತಪ್ಪು ಗ್ರಂಥಕರ್ತನದು. ನನ್ನ ಹೆಸರು ಹಾಕಿ ಸಾರ್ ಎಂದೆ. ಪುಸ್ತಕದ ಮೇಲೆ ನಿನ್ನ ಹೆಸರು ಹಾಕಿರಲಿಲ್ಲ, ತಪ್ಪಿಗೆ ಮಾತ್ರ ಹಾಕುವುದು ನ್ಯಾಯವಲ್ಲ ಎಂದರು. ನಾವು ಎದ್ದಾಗ, ಇಷ್ಟು ಕಾಲ ಹುಡುಕಿಸಿಬಿಟ್ಟೆನಲ್ಲಪ್ಪಾ ಎಂದು ನಮ್ಮವರ ಕೈ ಹಿಡಿದುಕೊಂಡರು. ನಮ್ಮವರು, ಇರಲಿ ಬಿಡಿ ಸಾರ್, ಬಸ್ಸಿನಲ್ಲಿ ಊರು ನೋಡಿದ ಹಾಗಾಯಿತು ಎಂದರು.

ನಾಲ್ಕು ಸಾಲು ನಾಣ್ಯಾಸಕ್ತರ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಮೂವರು ಕಾಗದ ಬರೆದರು. ನಲವತ್ತೊಂದು-ಬಿ ಖಂಡಿತ ಇದೆ, ತಮ್ಮ ಬಳಿಯೇ ಇದೆ ಎಂದು ಮೂವರೂ ಹೇಳಿದ್ದರು. ಒಬ್ಬರು ಕೋಪಿಸಿಕೊಂಡಿದ್ದರು ಕೂಡ.

ಸಾರ್ ಮನೆಯಿಂದ ಬಂದ ಸಂಜೆಯೇ ನಮ್ಮವರು ಹಲಗೆ ಇಳಿಸಿದರು. ಅಂಚಿನಲ್ಲಿ ಕಡಿತವಿದ್ದ ನಾಣ್ಯವನ್ನು ಹೆಚ್ಚಿನ ನಾಣ್ಯಗಳ ಡಬ್ಬಿಯಿಂದ ಹುಡುಕಿ ತೆಗೆದರು. ಪೆನ್ನು ತೆಗೆದುಕೊಂಡು ಆ ಖಾಲಿ ಚೀಟಿಯಲ್ಲಿ ಏನೋ ಬರೆದು, ಕುಳಿಯಲ್ಲಿಟ್ಟು, ಮೇಲೆ ನಾಣ್ಯ ಕೂರಿಸಿದರು. ಅದು ಬಿ ಅಲ್ಲವಲ್ಲ ಎಂದೆ. “ಅಲ್ಲ ಅಂತ ನನಗ ಗೊತ್ತೈತಿ. ತೆಗದ ಕುಳಿ ಖಾಲಿ ಬಿಡೂದು ಯಾಕ?” ಎಂದರು. ಪ್ಯಾರೀಸ್ ಕಾರ್ನರ್, ತಾಮ್ರದ ಅಂಗಡಿ ಎಂದು ಬರೆದಿರಬೇಕು ಎಂದುಕೊಂಡೆ. ಮುಂದಿನ ಭಾನುವಾರ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಆಮೇಲೂ ಬಹಳ ವರ್ಷ ಹೋದರು.

ಇಷ್ಟು ಬರೆದು, ಇದನ್ನು ಪಟ್ಟಿಯ ಜೊತೆ ಭಾರ್ಗವಿಗೆ ಕಳಿಸೋಣವೆಂದು ಇವತ್ತು ಬೆಳಿಗ್ಗೆ ಹಲಗೆಯ ಮುಂದೆ ಕೂತೆ. ಪಟ್ಟಿಯಲ್ಲಿ ಒಂದೇ ಸಾಲು ಬಾಕಿ. ಚೀಟಿಯಲ್ಲಿದ್ದದ್ದನ್ನು ನಕಲು ಮಾಡಬೇಕೆಂದು ನಾಣ್ಯ ಎತ್ತಿದೆ. ಅವರು ಕೂರಿಸಿದ ಮೇಲೆ ಅದನ್ನು ಯಾರೂ ಎತ್ತಿರಲಿಲ್ಲ. ಚೀಟಿಯಲ್ಲಿ ನಾಣ್ಯದ ದುಂಡಗಿನ ಹಸಿರು ಕಲೆ ಮೂಡಿತ್ತು. ಅಕ್ಷರ ಸ್ಪಷ್ಟವಾಗಿತ್ತು.

ನಂಬರ್: ೪೧-ಬಿ. ದೊರೆತ ಸ್ಥಳ: ಕೀಲ್ಪಾಕ್, ಬಂಗಲೆ, ಶನಿವಾರ. ಕೊಟ್ಟವರು: ಗಿರಿಜಾ.

ಭಾರ್ಗವಿ, ಈ ಚೀಟಿ ತಪ್ಪು. ನಾಣ್ಯ ಬಂದದ್ದು ತಾಮ್ರದ ಅಂಗಡಿಯಿಂದ, ನಂಬರೂ ಅದಲ್ಲ. ಸಾರ್ ಇದ್ದಿದ್ದರೆ ಹರಿದು ಹೊಸ ಕಾಗದ ಕೊಡುತ್ತಿದ್ದರು. ನಾನು ಇಪ್ಪತ್ತೊಂಬತ್ತು ವರ್ಷ ಬೇರೆಯವರ ಚೀಟಿಗಳನ್ನು ತಿದ್ದಿದವಳು. ಇದನ್ನು ತಿದ್ದದೆ ಹಾಗೆಯೇ ಕೆಳಗಿಟ್ಟು ಮೇಲೆ ನಾಣ್ಯ ಇಟ್ಟಿದ್ದೇನೆ. ನೀನೂ ತಿದ್ದಬೇಡ. ನಿನ್ನ ಪಟ್ಟಿಯಲ್ಲಿ ಮಾತ್ರ ಸರಿಯಾಗಿ ನಲವತ್ತೊಂದು-ಎ ಎಂದು ಬರೆದುಕೋ.